ಕಬ್ಬಿನ ಗಾಡಿಗಳ ಹಿಂದೆ ರೇಸಿನ ಕ್ಯಾಮು

ಮನೆ ಕ್ಯಾತನಹಳ್ಳಿಯಲ್ಲಿ, ನಾನು ಮೇಷ್ಟ್ರಾಗಿದ್ದ ಶಾಲೆ ನಾಗಮಂಗಲದ ಆಚೆ. ತೊಂಬತ್ತರ ದಶಕದ ಬಹುಪಾಲು ಆ ರಸ್ತೆಯಲ್ಲೇ ಸವೆದುಹೋಯಿತು. ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ಸಂಜೆ ಮನೆ ಮುಟ್ಟುವಷ್ಟರಲ್ಲಿ ಮೂರು ವರ್ಷದ ಮಗಳು ಎಷ್ಟೋ ಸಲ ಉಂಡು ಮಲಗಿಬಿಟ್ಟಿರುತ್ತಿದ್ದಳು. ಎಚ್ಚರವಿದ್ದ ದಿನ ಮಾತ್ರ, ನಾಲೆ ಸೇತುವೆಯ ಹತ್ತಿರ ನನ್ನ ಹಳೆಯ ಬುಲೆಟ್ಟಿನ ಡಗ್‌ಡಗ್ ಕೇಳಿದ್ದೇ ತಡ, ಬಾಗಿಲಿಗೆ ಓಡಿಬರುತ್ತಿದ್ದಳು. ದಿನಾ ಅವಳ ಜೊತೆ ಅರ್ಧ ಗಂಟೆ ಸಿಕ್ಕಿದರೆ ಸಾಕು ಎನಿಸುತ್ತಿತ್ತು.

ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮು ಬದಲಾಯಿಸಿದರೆ ಗಾಡಿ ಜೋರಾಗುತ್ತದೆ ಎಂದು ಯಾರೋ ಕಿವಿಗೆ ಹಾಕಿದರು. ಬೇಸಿಗೆ ರಜೆಯ ಕೊನೆಯ ದಿನ ಗಂಜಾಂನ ಮೆಕ್ಯಾನಿಕ್ ಸಾಬರ ಬಳಿ ಹೋದೆ. ಅವರು ಗೋಣಿಯ ಮೇಲೆ ಎರಡು ಜೊತೆ ಕ್ಯಾಮು ಇಟ್ಟರು. ಒಂದು ಸಾಧಾರಣದ್ದು, ಇನ್ನೊಂದು ರೇಸಿನದು.

"ನೋಡಿ ಮೇಷ್ಟ್ರೇ, ರೇಸಿಂದು ಖಾಲಿ ರೋಡಲ್ಲಿ ಹಾರ್ತದೆ. ನಿಧಾನ ಹೋದ್ರೆ ಕೆಮ್ತದೆ, ನಿಂತೋಗ್ತದೆ. ನಿಮ್ಮ ರೋಡು ಎಂಗದೆ?"

"ಖಾಲಿ ಅದೆ, ರೇಸಿಂದೇ ಆಕ್ಬುಡಿ ಸಾಬ್ರೆ."

ನಾನೇನು ಸುಳ್ಳು ಹೇಳಲಿಲ್ಲ. ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ್ದ ದಿನಗಳವು, ರಸ್ತೆ ನಿಜಕ್ಕೂ ಖಾಲಿಯಿತ್ತು. ಕಬ್ಬಿನ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಅದು ಮತ್ತೆ ತೆರೆಯುತ್ತದೆ ಎಂಬುದು ಹೊಳೆಯಲಿಲ್ಲ, ನೋಡಿ ಮೇಷ್ಟ್ರ ಬುದ್ಧಿ! ಸಾಬರು ನನ್ನ ಗಾಡಿಯಿಂದ ಬಿಚ್ಚಿದ ಹಳೆಯ ಜೊತೆಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, "ಮಡಿಕ್ಕಳಿ, ಎಸೀಬೇಡಿ" ಎಂದು ಕೈಗಿಟ್ಟರು.

ಶಾಲೆ ಶುರುವಾದ ದಿನವೇ ಕಾರ್ಖಾನೆಯೂ ಶುರುವಾಯಿತು. ಪಾಂಡವಪುರದ ಹತ್ತಿರ ಎತ್ತಿನ ಗಾಡಿಗಳ ಸಾಲು. ಎರಡೂ ಬದಿಗೆ ಚಾಚಿದ ಕಬ್ಬು, ಮುಂದೆ ನುಗ್ಗಲು ಜಾಗವಿಲ್ಲ. ಎತ್ತಿನ ನಡಿಗೆಗೆ ಬುಲೆಟ್ಟು ಕೆಮ್ಮಿ ಕೆಮ್ಮಿ ನಿಂತಿತು. ಕಿಕ್ಕರ್ ಒದ್ದೆ. ನಾಲ್ಕು ಮಾರು ಹೋಗಿ ಮತ್ತೆ ನಿಂತಿತು. ಒದ್ದು ಒದ್ದು ಕಾಲು ಬಿದ್ದುಹೋಯಿತು. ಮುಂದಿನ ಗಾಡಿಯ ಮುದುಕ ತಿರುಗಿ, "ಏನ್ ಮೇಷ್ಟ್ರೇ, ನಮ್ ಗಾಡಿ ಹಿಂದ್ಕೆ ಕಟ್ಕೊಂಡೋಗನಾ?" ಎಂದ. ನಗಲೂ ತ್ರಾಣವಿರಲಿಲ್ಲ. ಆ ವಾರವೆಲ್ಲ ಮೊದಲಿಗಿಂತ ತಡವಾಗಿಯೇ ಮನೆ ಸೇರಿದೆ, ಮಲಗಿದ್ದ ಮಗಳ ಮುಖ ನೋಡಿಯೇ ಉಂಡೆ.

ಶನಿವಾರ ಅರ್ಧ ದಿನದ ಶಾಲೆ. ಬಿಸಿಲಿಳಿಯುವ ಮುಂಚೆಯೇ ನಾಲೆ ಸೇತುವೆ ದಾಟಿದೆ. ಇವತ್ತಾದರೂ ಬಾಗಿಲಲ್ಲಿ ನಿಂತಿರುತ್ತಾಳೆ ಎಂದುಕೊಂಡಿದ್ದೆ. ಯಾರೂ ಇಲ್ಲ. ಹೊಸ ಕ್ಯಾಮಿನಿಂದ ಗಾಡಿಯ ಸದ್ದೇ ಬದಲಾಗಿತ್ತು, ತಾಳ ತಪ್ಪಿ ಗುರುಗುಟ್ಟುತ್ತಿತ್ತು. ಅಂಗಳಕ್ಕೆ ಬಂದು ನಿಂತಾಗ ಒಳಗಿನಿಂದ ಮಗಳ ದನಿ ಕೇಳಿತು.

"ಅವ್ವಾ, ಯಾರೋ ಬಂದವ್ರೆ. ಅಪ್ಪ ಮನೇಲಿಲ್ಲ ಅನ್ನು."

ಗಾಡಿ ಆರಿಸಿ ಅದರ ಮೇಲೇ ಕೂತುಬಿಟ್ಟೆ. ಅಳು ಬಂತು, ತಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಎಣ್ಣೆ ಬಟ್ಟೆಯ ಗಂಟನ್ನು ಹ್ಯಾಂಡಲ್ಲಿಗೆ ಕಟ್ಟಿ, ಅವಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಗಂಜಾಂ ದಾರಿ ಹಿಡಿದೆ.