ಸದಾಶಿವಣ್ಣನ ಪೋಂ ಪೋಂ

ಸದಾಶಿವಣ್ಣನ ಬಾಯಲ್ಲಿ ಕೊನೆಗೆ ಉಳಿದದ್ದು ಒಂದೇ ಮಾತು: ‘ಪೋಂ ಪೋಂ’. ನೀರಿಗೂ ಅದೇ, ಬೆನ್ನುನೋವಿಗೂ ಅದೇ, ಸಿಟ್ಟು ಬಂದರೂ ಅದೇ.

ಪಾರ್ಶ್ವವಾಯು ಬಡಿಯುವ ಮೊದಲು ಮುಂಬೈ ಬೈಕುಲ್ಲಾದ ನಮ್ಮ ಚಾಳಿನಲ್ಲಿ ಅವರಷ್ಟು ಮಾತಿನ ಮನುಷ್ಯ ಇನ್ನೊಬ್ಬರಿರಲಿಲ್ಲ. ಕಾಪು ಕಡೆಯವರು. ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳ ಜೊತೆ ಮರಾಠಿ, ಮಾಣಿಗಳ ಜೊತೆ ತುಳು, ಅಡುಗೆಯವರಿಗೆ ಕನ್ನಡದಲ್ಲಿ ಬೈಗುಳ, ಎಲ್ಲ ಒಂದೇ ಉಸಿರಿಗೆ. ಬೆಳಿಗ್ಗೆ ಹೊರಡುವಾಗ ನನ್ನ ಬಾಗಿಲ ಮುಂದೆ ನಿಂತು, “ಟೀಚರೇ, ಬರ್ತೇನೆ ಆಯ್ತಾ? ಲೋಕಲ್‌ನಲ್ಲಿ ಸೀಟು ಸಿಕ್ಕಿದ್ರೆ ಇವತ್ತೇ ದೀಪಾವಳಿ!” ಎನ್ನುತ್ತಿದ್ದರು.

ಒಂದೊಂದು ಸಲ ಹೀಗೆ ಒಂದೇ ಶಬ್ದ ಉಳಿಯುತ್ತದೆ, ಯಾಕೆ ಅದೇ ಎಂದು ಹೇಳುವುದು ಕಷ್ಟ ಎಂದರು ಡಾಕ್ಟರು. ಹೆಂಡತಿ ಲೀಲಕ್ಕ ಒಪ್ಪಲಿಲ್ಲ. ಆ ಮಾತು ಎಲ್ಲಿಂದ ಬಂತೆಂದು ತಿಳಿದರೆ ಉಳಿದ ಮಾತುಗಳನ್ನೂ ಅಲ್ಲಿಂದಲೇ ಎಳೆದು ತರಬಹುದೆಂದು ಅವರ ಹಟ. ಟ್ಯಾಕ್ಸಿಗಳ ಹಾರ್ನ್ ಇರಬಹುದೆಂದು ಕಿಟಕಿಯ ಬಳಿ ಕೂರಿಸಿದರು. ಸದಾಶಿವಣ್ಣ ಕಿವಿ ಮುಚ್ಚಿಕೊಂಡರು. ಅದಕ್ಕೂ ಪೋಂ ಪೋಂ ಅನ್ನುತ್ತಾರೆಂದು ಯಾರೋ ಹೇಳಿದ್ದರಿಂದ, ಪಕ್ಕದ ಮನೆಯ ಮಗುವಿನ ಟೊಪ್ಪಿಯ ಮೇಲಿನ ಉಣ್ಣೆಯ ಚೆಂಡನ್ನು ಕೈಗೆ ಕೊಟ್ಟರು. ತಿರುಗಿಸಿ ನೋಡಿ ಕೆಳಗಿಟ್ಟರು. ನಾನು ನಿಘಂಟು ತೆರೆದೆ. ಫ್ರೆಂಚರ ಮಾತಂತೆ, ಟೊಪ್ಪಿಯ ಗೊಂಡೆಗೆ ಹೇಳುವುದಂತೆ. ಸದ್ದಿನಿಂದಾಗಿ ಒಂದು ಬಗೆಯ ಫಿರಂಗಿಗೂ ಅದೇ ಹೆಸರಂತೆ.

“ಫ್ರಾನ್ಸಿನವರ ಟೊಪ್ಪಿ ಇವರಿಗೆ ಯಾಕೆ ಟೀಚರೇ?” ಎಂದರು ಲೀಲಕ್ಕ. “ಇವರು ಎಂತ ಹೇಳ್ಲಿಕ್ಕೆ ನೋಡ್ತಿದ್ದಾರೆ, ಅದು ಹೇಳಿ.”

ಒಂದು ಸಂಜೆ ಅವರ ಮನೆಯಿಂದ ‘ಪೋಂ ಪೋಂ’ ಎಂಬ ಕಿರುಚಾಟ ಕೇಳಿಸಿತು, ಹಿಂದೆಯೇ ಸ್ಟೀಲ್ ಲೋಟ ಬಿದ್ದ ಸದ್ದು. ಓಡಿದೆ. ಲೀಲಕ್ಕ ಬೆನ್ನು ಒತ್ತಿಕೊಂಡು ಅಳುತ್ತಿದ್ದರು. “ನೋಡಿ ಟೀಚರೇ, ಚಾ ಮಾಡ್ಲಿಕ್ಕೆ ಹೋದ್ರೆ ಬೆನ್ನಿಗೆ ಲೋಟ ಬಿಸಾಡಿದ್ರು. ಇಷ್ಟು ಮಾಡಿದ್ದಕ್ಕೆ ಇದಾ?” ಲೀಲಕ್ಕನ ಕೈಯಲ್ಲಿ ಲೈಟರ್ ಇತ್ತು. ಮನೆಯಿಡೀ ಗ್ಯಾಸಿನ ವಾಸನೆ. ನೆಗಡಿಯಿಂದ ಅವರ ಮೂಗು ಕಟ್ಟಿತ್ತು. ನಾನು ಲೈಟರ್ ಕಿತ್ತುಕೊಂಡು ಸಿಲಿಂಡರ್ ಬಂದ್ ಮಾಡಿದೆ. ಸದಾಶಿವಣ್ಣ ಮಂಚದ ಮೇಲೆ ಬೆವರಿನಲ್ಲಿ ತೊಯ್ದು, ಮಗುವಿನ ಹಾಗೆ ಅಳುತ್ತಿದ್ದರು.

ಆ ದಿನದಿಂದ ಲೀಲಕ್ಕ ಗಂಡನ ಒಂದು ಕೂಗನ್ನೂ ತಳ್ಳಿಹಾಕಲಿಲ್ಲ. ಅದೇ ಅವರನ್ನು ಹಿಂಡಿತು. ಪ್ರತಿ ಕೂಗಿಗೂ ಎದ್ದು ಮನೆಯೆಲ್ಲ ಹುಡುಕುತ್ತಿದ್ದರು.

ಕೊನೆಯ ಮಧ್ಯಾಹ್ನ ನಾನೂ ಅಲ್ಲಿದ್ದೆ. ಸದಾಶಿವಣ್ಣ ಲೀಲಕ್ಕನ ಮಣಿಕಟ್ಟು ಹಿಡಿದು ಮೆಲ್ಲಗೆ, “ಪೋಂ ಪೋಂ” ಎಂದರು. ಲೀಲಕ್ಕ ನೀರು ಕೊಟ್ಟರು, ಅವರು ಅಲ್ಲವೆಂದು ತಲೆ ಅಲ್ಲಾಡಿಸಿದರು. ದಿಂಬು ಸರಿಮಾಡಿದರು, ಅಲ್ಲ. ದೇವರ ಪಟ ತಂದರು, ಅಲ್ಲ. ಕಾಂದಿವಲಿಯ ಮಗಳ ದನಿಯನ್ನು ಫೋನಿನಲ್ಲಿ ಕೇಳಿಸಿದರು, ಅದೂ ಅಲ್ಲ. “ಒಂದು ಸಲ ಸರಿಯಾಗಿ ಹೇಳಿ, ನಿಮ್ಮ ಕಾಲು ಹಿಡೀತೇನೆ,” ಎಂದು ಲೀಲಕ್ಕ ಗೋಗರೆದರು. ಅಷ್ಟರಲ್ಲಿ ಸದಾಶಿವಣ್ಣನ ಉಸಿರು ಏರುಪೇರಾಯಿತು. ಆಂಬುಲೆನ್ಸಿನವರು ಇಕ್ಕಟ್ಟಿನ ಮೆಟ್ಟಿಲಿಳಿಸುವಾಗಲೂ ಅವರ ತುಟಿ ಅಲುಗುತ್ತಲೇ ಇತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಲೀಲಕ್ಕ ಈಗಲೂ ಕೇಳುತ್ತಾರೆ: “ನೀವೂ ಇದ್ರಿ ಅಲ್ವಾ ಟೀಚರೇ, ಎಂತ ಕೇಳಿದ್ದು ಅವರು?”

ಮೊನ್ನೆ ತಡೆಯಲಾರದೆ, “ನಿಮ್ಮನ್ನೇ ಕರೆದದ್ದು,” ಎಂದೆ.

“ನಾನು ಅಲ್ಲೇ ಇದ್ದೆನಲ್ಲ,” ಎಂದರು.