ಹತ್ತಿ ಹಡಗಿನ ಸಾಕ್ಷಿ

ಹೊಟಗಿಯಲ್ಲಿ ಗಾಡಿ ಬದಲಿಸಿ ವಿಜಾಪುರದಲ್ಲಿ ಇಳಿದಾಗ ಬೆಳಿಗ್ಗೆ ಒಂಬತ್ತಾಗಿತ್ತು. ಅಂಕೋಲೆಯ ಕಡಲ ದಂಡೆಯಲ್ಲಿ ಹುಟ್ಟಿ, ಹಡಗಿನ ಒಲೆಗೆ ಕಲ್ಲಿದ್ದಲು ಉಣಿಸಿ ಬದುಕಿದ ನನಗೆ ಇಷ್ಟು ಒಣ ಗಾಳಿ ಹೊಸದು. ನಿಲ್ದಾಣ ದಾಟುವಷ್ಟರಲ್ಲಿ ತುಟಿ ಒಡೆಯಿತು. ಯುದ್ಧ ಮುಗಿದು ವರ್ಷ ಕಳೆದಿತ್ತು. ಯುದ್ಧದಲ್ಲಿ ಒಂದೇ ಹಡಗಿನಲ್ಲಿದ್ದು ನನ್ನ ಜೀವ ಉಳಿಸಿದ ಟಿಕೋಟಾದ ದಾವಲಸಾಬನಿಗೆ ಅವನ ಮನೆ ಬಾಗಿಲಲ್ಲೇ ನಿಂತು ಕೈಮುಗಿಯಬೇಕೆಂದು ಮುಂಬಯಿಯಿಂದ ಹೊರಟು ಬಂದಿದ್ದೆ.

ಟಿಕೋಟಾ ಅಲ್ಲಿಂದ ಹನ್ನೆರಡು ಮೈಲಿ, ಟಿಕೀಟು ಆರಾಣೆ. ಪೆಟ್ರೋಲಿನ ಅಭಾವ ಇನ್ನೂ ತೀರಿರಲಿಲ್ಲವಾದ್ದರಿಂದ ಬಸ್ಸು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿತ್ತು. ದಾರಿಯಲ್ಲಿ ಎರಡು ಸಲ ನಿಂತಿತು. ಎರಡನೆಯ ಸಲ ತಡೆಯಲಾರದೆ ನಾನೇ ಇಳಿದು ಅದರ ಒಲೆ ಕೆದಕಿದೆ.

"ಭಾರಿ ಕೈಗುಣ ಐತಿ ನೋಡ್ರಿ ನಿಮ್ಮದು!" ಎಂದ ಡ್ರೈವರು.

ಅಂತೂ ಯುದ್ಧದಲ್ಲಿ ಕಲಿತ ವಿದ್ಯೆ ಉಪಯೋಗಕ್ಕೆ ಬಂತಲ್ಲ ಎಂದು ನಗು ಬಂತು.

ದಾವಲಸಾಬನ ಮನೆಯವರು ಬಾವಿ ತೋಡುವವರು. ಅವನು ಕೆಲಸಕ್ಕೆ ಹೋಗಿದ್ದ. ತಾಯಿ ಅಮೀನಾಬಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಮೀನಿಲ್ಲದ ಊಟ ಊಟವೇ ಅಲ್ಲ ಎನ್ನುವ ನಾನು ನಾಲ್ಕು ರೊಟ್ಟಿ ತಿಂದೆ. ಐದನೆಯದನ್ನು ಹಾಕುವಾಗ ಆ ತಾಯಿಯ ಕಣ್ಣು ತುಂಬಿತು.

"ಬಬಲೇಶ್ವರದ ಇಮಾಮಸಾಬ್ರ ಮಗಳನ್ನ ನಮ್ಮ ದಾವಲಸಾಬಗ ಗೊತ್ತ ಮಾಡಿದ್ವಿರಿ. ಅವರು ಹಿಂದಿನ ಲಡಾಯಿಗೆ ಹೋಗಿ ಬಂದ ಸಿಪಾಯಿ. ಅವರ ತಮ್ಮನ ಮಗ ಮುಂಬಯಿ ಬಂದರದಾಗ ನಿಮ್ಮ ಹಡಗ ನೋಡ್ಯಾನ. ಹತ್ತಿ ಅಂಡಿಗಿ ಹೇರಾಕತ್ತಿದ್ರಂತ. ಹತ್ತಿ ಹೇರೂ ಹಮಾಲ ಲಡಾಯಿ ಮಾಡೇನಿ ಅಂತ ಖೊಟ್ಟಿ ಹೇಳ್ಯಾನ, ಇಂಥಾವಗ ಮಗಳನ್ನ ಕೊಡೂದಿಲ್ಲ ಅಂದಬಿಟ್ರು."

ಸಂಜೆ ದಾವಲಸಾಬ ಬಂದವನೇ ನನ್ನನ್ನು ತಬ್ಬಿಕೊಂಡ. ಅವನು ಬಿಡುವ ಮೊದಲೇ ನಾನು ಜಗಳ ತೆಗೆದೆ.

"ನನ್ನನ್ನು ಎಳೆದು ಉಳಿಸಿದ್ದನ್ನಾದರೂ ಹೇಳಬಾರದಿತ್ತೇ ಮಾರಾಯಾ?"

"ಹಡಗ ಹತ್ತೀದ ಹೌದಲ್ಲೋ," ಎಂದು ಅವನು ಹಗ್ಗ ಹೊಸೆಯುತ್ತ ಕುಳಿತ. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಚುಮುಚುಮು ಚಳಿಯಲ್ಲಿ ಚಕ್ಕಡಿ ಕಟ್ಟಿಸಿ ಅವನನ್ನು ಬಬಲೇಶ್ವರಕ್ಕೆ ಎಳೆದುಕೊಂಡೇ ಹೋದೆ. ದಾರಿಯುದ್ದಕ್ಕೂ ಕರಿನೆಲ, ಎದೆಮಟ್ಟ ಬೆಳೆದ ಹಿಂಗಾರಿ ಜೋಳ. ಇಮಾಮಸಾಬರು ಪಡಸಾಲೆಯಲ್ಲಿ ನೆಟ್ಟಗೆ ಕುಳಿತಿದ್ದರು. ಎಡಗೈಗೆ ಎರಡು ಬೆರಳಿರಲಿಲ್ಲ. ಕೂಡ್ರಿ ಎಂದರು, ಚಹಾ ಎನ್ನಲಿಲ್ಲ.

ನಾನು ಹಡಗಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಅದು ಹತ್ತಿ, ಶೇಂಗಾ ಸಾಗಿಸುತ್ತಿದ್ದ ಹಡಗೇ ಹೌದು. ಯುದ್ಧ ಬಂದಾಗ ನೌಕಾದಳದವರು ಅದನ್ನು ತೆಗೆದುಕೊಂಡರು. ಬೂದು ಬಣ್ಣ ಬಳಿದು, ಮುಂದೊಂದು ಹಿಂದೊಂದು ತೋಪು ಕೂರಿಸಿ, ಹತ್ತಿಯ ಉಗ್ರಾಣದಲ್ಲಿ ನಮಗೆ ಮಲಗಲು ಹಲಗೆ ಜೋಡಿಸಿದರು. ಶತ್ರುಗಳು ನೀರೊಳಗೆ ಬಿಟ್ಟ ಸಿಡಿಗುಂಡುಗಳನ್ನು ಹುಡುಕಿ ತೆಗೆದು, ಹಿಂದೆ ಬರುವ ಹಡಗುಗಳಿಗೆ ದಾರಿ ಮಾಡಿಕೊಡುವುದು ನಮ್ಮ ಕೆಲಸ. ಒಂದು ಮಧ್ಯಾಹ್ನ ಅಂಥದೊಂದು ಪಕ್ಕದಲ್ಲೇ ಸಿಡಿಯಿತು. ಏಣಿ ಮುರಿದು, ನಾನು ಕಲ್ಲಿದ್ದಲಿನ ಕೋಣೆಯಲ್ಲಿ ಎದೆಮಟ್ಟ ನೀರಿನಲ್ಲಿ ಸಿಕ್ಕಿಬಿದ್ದೆ. ಮೇಲಿನ ಗಾಳಿ ಕೊಳವೆಯಿಂದ ಹಗ್ಗವೊಂದು ಇಳಿಯಿತು. "ಕಂಕಳಾಗ ಒಂದ ಸುತ್ತು, ತೊಡಿಗೆ ಒಂದ ಸುತ್ತು!" ಎಂದು ಈ ದಾವಲಸಾಬ ಕೂಗಿದ. ಹಡಗು ವಾಲುತ್ತಿತ್ತು, ಎಲ್ಲರೂ ದೋಣಿಗೆ ಇಳಿಯುತ್ತಿದ್ದರು. ಇವನು ಹಗ್ಗ ಬಿಡಲಿಲ್ಲ. ಹಡಗನ್ನು ಹೇಗೋ ದಡ ಮುಟ್ಟಿಸಿದರು. ಯುದ್ಧ ಮುಗಿದ ಮೇಲೆ ತೋಪು ಕಿತ್ತು ಮತ್ತೆ ಹತ್ತಿಗೆ ಹಚ್ಚಿದರು. ನಿಮ್ಮ ಹುಡುಗ ನೋಡಿದ್ದು ಅದನ್ನು.

"ಅಂಗಿ ತಗೀರಿ," ಎಂದರು ಮುದುಕರು.

ತೆಗೆದೆ. ಎರಡೂ ಕಂಕುಳಲ್ಲಿ ಹಗ್ಗ ಕೊಯ್ದ ಕಲೆ ಇನ್ನೂ ಇತ್ತು. ಅವರು ಹತ್ತಿರ ಬಂದು ಬೆರಳಾಡಿಸಿ ನೋಡಿದರು. ಅಜ್ಜನ ಕಾಲದಿಂದ ಅವರ ಹೊಲದ ಬಾವಿಗಳನ್ನೆಲ್ಲ ತೋಡಿದವರು ದಾವಲಸಾಬನ ಮನೆಯವರೇ.

"ಇದು ಬಾವಿಯವರು ಹಾಕೂ ಗಂಟಿನ ಗುರ್ತು," ಎಂದರು. ಆಮೇಲೆ ನನ್ನ ಮುಖ ನೋಡಿದರು. "ಬಾವ್ಯಾಗಿಂದ ಮಂದೀನ ಎಳದಾವ ಬಾಯಿ ಬಿಡಬಾರದು. ನಾ ಎಳದೆ ಅಂದ್ರ ಮುಂದಿನ ಸಲ ಹಗ್ಗ ಹರೀತೈತಿ ಅಂತಾರ. ಉಳದಾವನ ಬಂದ ಹೇಳಬೇಕು. ಇದು ನನಗ ಗೊತ್ತಿತ್ತು. ಗೊತ್ತಿದ್ದೂ ಇವನ್ನ ಸುಳ್ಳ ಅಂದೆ."

ದಾವಲಸಾಬ ತಲೆಯೆತ್ತಲಿಲ್ಲ. ಮುದುಕರು ಮೂರು ಬೆರಳಿನ ಕೈಯನ್ನು ಅವನ ಹೆಗಲ ಮೇಲಿಟ್ಟರು.

"ಮಾಫ ಮಾಡಪಾ. ಇಷ್ಟು ಬಾಯಿ ಬಿಗಿಹಿಡದ ಅಳಿಯಾ ನನಗ ಎಲ್ಲಿ ಸಿಗಬೇಕು?"

ಒಳಗೆ ಬಳೆಗಳ ಸದ್ದಾಯಿತು. ಆಮೇಲೆ ಚಹಾ ಬಂತು. ರೇಷನ್ನಿನ ಆ ಕಾಲದಲ್ಲಿ ನಾನು ಕುಡಿದ ಅತ್ಯಂತ ಸಿಹಿ ಚಹಾ ಅದು. ಮನೆಯ ಸಕ್ಕರೆಯೆಲ್ಲ ಅದರಲ್ಲೇ ಇತ್ತೋ ಏನೋ.

ಮಧ್ಯಾಹ್ನ ಬಬಲೇಶ್ವರದಿಂದ ವಿಜಾಪುರಕ್ಕೆ ಹೊರಟ ಬಸ್ಸು ತುಂಬಿ ತುಳುಕುತ್ತಿತ್ತು. ಮೊದಲೇ ಬಸ್ಸಿನ ಛಾವಣಿಯ ಮೇಲೆ ಹತ್ತಿದ್ದ ದಾವಲಸಾಬ ಕೈಕೊಟ್ಟು ನನ್ನನ್ನು ಮೇಲೆಳೆದು, ಮೂಟೆಗಳ ನಡುವೆ ಜಾಗ ಮಾಡಿ ಕೂರಿಸಿದ. ಆಗ ಹೇಳಿದೆ, "ನಿನ್ನ ಉಪಕಾರ ಈ ಜನ್ಮದಲ್ಲಿ ಮರೆಯೋದಿಲ್ಲ ಮಾರಾಯಾ."

"ಸುಮ್ಮ ಕೂಡ್ರಲೇ, ಬಿದ್ದೀ!" ಎಂದು ಗದರಿಸಿ ಇಳಿದ. ಅವನ ಕಣ್ಣು ಕೆಂಪಾಗಿತ್ತು.

ಸಾರವಾಡದ ಕಡೆಗೆ ಬಸ್ಸು ತಿರುಗುವವರೆಗೂ ಅವನು ರಸ್ತೆಯಲ್ಲಿ ನಿಂತೇ ಇದ್ದ. ಅವನು ಇದನ್ನು ಯಾರಿಗೂ ಹೇಳುವಂತಿಲ್ಲ. ಅದಕ್ಕೇ ನಾನು ಬರೆದಿದ್ದೇನೆ.