ರೈಟ್ ಮಾವನಿಗೆ ಕೊಟ್ಟ ನಾಲ್ಕು ಮಾತು

ಅದೇ ಹೇಳುತ್ತಿದ್ದೆನಲ್ಲ, ಇಷ್ಟೆಲ್ಲ ಆದಮೇಲೂ ರೈಟ್ ಮಾವನ ಬಾಯಿ ಸುಮ್ಮನಾಗಿಲ್ಲ, ಕಣ್ಣಿಗೆ ಹೋಗಿ ಕೂತಿದೆ ಅಷ್ಟೆ. ನಾನು ಕಾಲೇಜಿಗೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರ್ ಅವರು. ಬಸ್ಸು ಬಿಡುವಾಗ ಓಣಿ ತುದಿಗೂ ಕೇಳುವಂತೆ "ರೈಟ್" ಎನ್ನುತ್ತಿದ್ದುದರಿಂದ ಎಲ್ಲರಿಗೂ ರೈಟ್ ಮಾವ. ಬಾಗಿಲಲ್ಲಿ ಜೋತುಬಿದ್ದವರಿಗೆ, "ಒಳಗೆ ಬನ್ನಿ ಸಾರ್, ಬಾಗಿಲಿಗೆ ಈಗಾಗ್ಲೇ ಒಂದು ಹಿಡಿಕೆ ಇದೆ" ಅನ್ನುತ್ತಿದ್ದರು. ಆ ಬೈಗುಳ ಕೇಳಲೆಂದೇ ನಾವು ಬಾಗಿಲಲ್ಲಿ ನಿಲ್ಲುತ್ತಿದ್ದೆವು.

ಸ್ಟ್ರೋಕ್ ಹೊಡೆದಮೇಲೆ ಕತ್ತಿನ ಕೆಳಗೆ ಏನೂ ಅಲ್ಲಾಡುವುದಿಲ್ಲ, ನಾಲಿಗೆಯೂ ಏಳುವುದಿಲ್ಲ. ಮಂಚದ ಎದುರು ಒಂದು ಕಂಪ್ಯೂಟರ್, ಅದರ ಕೆಳಗೊಂದು ಕಪ್ಪು ಪಟ್ಟಿ. ಮಾವ ಎಲ್ಲಿ ನೋಡುತ್ತಾರೆಂದು ಅದು ನೋಡುತ್ತಿರುತ್ತದೆ. ಪರದೆಯಲ್ಲಿರುವ ಒಂದು ಅಕ್ಷರದ ಮೇಲೆ ಕಣ್ಣು ನೆಟ್ಟರೆ ಆ ಅಕ್ಷರ ಬೀಳುತ್ತದೆ; ಪದವಾದಮೇಲೆ ಯಂತ್ರ ಅದನ್ನು ಹೆಣ್ಣು ದನಿಯಲ್ಲಿ ಹೇಳುತ್ತದೆ. ಅವರ ಹೆಂಡತಿಯನ್ನು ನಾವೆಲ್ಲ ಅತ್ತೆ ಅನ್ನುತ್ತೇವೆ. ಮೊದಲ ದಿನ ಅತ್ತೆ, "ಯಾರ್ರೀ ಇವ್ಳು?" ಎಂದು ಕೇಳಿದ್ದಕ್ಕೆ ಯಂತ್ರ "ಸವತಿ" ಎಂದಿತಂತೆ.

ಯಂತ್ರ ಸ್ವಂತದ್ದಲ್ಲ, ಒಂದು ಸೇವಾ ಸಂಘದವರು ಬಳಸಲು ಕೊಟ್ಟದ್ದು. ಹೋದ ವಾರ ಅವರು ವಿಡಿಯೋ ಮಾಡಲು ಬಂದಾಗ ನಾನೂ ಅಲ್ಲಿದ್ದೆ. ನೆನೆದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಕೋಣೆಯ ತುಂಬ ಸೆಂಟಿನ ವಾಸನೆ. ಸಂಘದ ಅಧ್ಯಕ್ಷರು ಮಂಚದಂಚಿನಲ್ಲಿ ಮಾವನ ಕೈ ಮೇಲೇ ಕೂತರು, ಅದು ಗೊತ್ತೂ ಆಗಲಿಲ್ಲ ಆ ಮನುಷ್ಯನಿಗೆ. ಮಾವನ ಬಾಯಿಂದ ಇಳಿದ ಜೊಲ್ಲನ್ನು ಅತ್ತೆ ಒರೆಸಲು ಹೋದರೆ ಕ್ಯಾಮೆರಾದವನು ತಡೆದ. "ಇರ್ಲಿ ಬಿಡಿ ಅಮ್ಮ, ಅದು ಚೆನ್ನಾಗಿ ಬರತ್ತೆ."

"ಇದಕ್ಕೆ ಅರ್ಥ ಆಗತ್ತಾ?" ಎಂದು ಅಧ್ಯಕ್ಷರು ಅತ್ತೆಯನ್ನು ಕೇಳಿದರು. ಇದಕ್ಕೆ, ಅಂತೆ. ಸಾಕಿದ ನಾಯಿಯ ಬಗ್ಗೆ ವಿಚಾರಿಸಿದ ಹಾಗೆ.

"ನಿಮಗಿಂತ ಚೆನ್ನಾಗಿ," ಎಂದರು ಅತ್ತೆ, ಮೆಲ್ಲಗೆ.

ಮಾವ ಅಕ್ಷರ ಹುಡುಕತೊಡಗಿದರು. ಸಂಘದ ಹುಡುಗಿಗೆ ಕಾಯಲು ಪುರುಸೊತ್ತಿಲ್ಲ. ಅಕ್ಷರಗಳ ಪರದೆಯನ್ನೇ ತೆಗೆದು ನಾಲ್ಕು ದೊಡ್ಡ ಗುಂಡಿ ತಂದಿಟ್ಟಳು: ನೀರು, ನೋವು, ಕಕ್ಕಸು, ಧನ್ಯವಾದ. "ಇನ್ಮೇಲೆ ಇದೇ ಇರ್ಲಿ, ಇವ್ರಿಗೆ ಇಷ್ಟು ಸಾಕು." ಇಡೀ ಬಸ್ಸಿಗೆ ಬುದ್ಧಿ ಹೇಳುತ್ತಿದ್ದವರಿಗೆ ನಾಲ್ಕು ಮಾತು ಸಾಕಂತೆ.

"ಎಲ್ಲಿ, ಧನ್ಯವಾದ ನೋಡಪ್ಪ, ಜಾಣ," ಎಂದು ಅಧ್ಯಕ್ಷರು ತಲೆ ಸವರಿದರು. ವಯಸ್ಸಿನಲ್ಲಿ ಮಾವನಿಗಿಂತ ಚಿಕ್ಕವನು ಆತ. "ವಿಡಿಯೋ ಚೆನ್ನಾಗಿ ಬಂದ್ರೆ ಮಿಷನ್ ನಿನ್ಹತ್ರಾನೇ ಇರತ್ತೆ."

ಅತ್ತೆ ಮಾವನ ಕಿವಿಯ ಹತ್ತಿರ ಬಗ್ಗಿದರು. "ಒಂದ್ಸಲ ನೋಡಿಬಿಡ್ರಿ. ಇದೂ ಹೋದ್ರೆ ನಾನು ಯಾರ್ ಹತ್ರ ಜಗಳ ಆಡ್ಲಿ?"

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಮಾವನ ಕಣ್ಣು ಸರಿದು ಒಂದು ಕಡೆ ನಿಂತಿತು.

"ಕಕ್ಕಸಿಗೆ ಹೋಗಬೇಕು," ಎಂದಳು ಸವತಿ.

"ಅದಲ್ಲಪ್ಪ, ಅದರ ಪಕ್ಕದ್ದು."

"ಕಕ್ಕಸಿಗೆ ಹೋಗಬೇಕು. ಕಕ್ಕಸಿಗೆ ಹೋಗಬೇಕು."

ಯಾವ ವಾಸನೆಯೂ ಇಲ್ಲದಿದ್ದರೂ ಅಧ್ಯಕ್ಷರು ಮೂಗು ಮುಚ್ಚಿಕೊಂಡೇ ಎದ್ದರು. ಇಡೀ ತಂಡ ಓಣಿಗೆ ಹೋಗಿ ನಿಂತಿತು. ಮಾವನನ್ನು ಹೊರಳಿಸಲು ಇನ್ನೊಂದು ಕೈ ಬೇಕೆಂದು ಅತ್ತೆ ನನ್ನನ್ನು ಒಳಗೇ ಇಟ್ಟುಕೊಂಡು ಚಿಲಕ ಹಾಕಿದರು. ಮಂಚದ ಕೆಳಗಿನ ಪಾತ್ರೆಗೆ ಕೈ ಹಾಕಿದವರು ಗಂಡನ ಮುಖ ನೋಡಿ ಅಲ್ಲೇ ನಿಂತರು. ಮೊದಲು ಜೊಲ್ಲು ಒರೆಸಿ, ಆಮೇಲೆ ಅಕ್ಷರಗಳ ಪರದೆ ತೆರೆದರು. ಒಂದೊಂದೇ ಅಕ್ಷರ ಬಿತ್ತು.

"ನನಗೇನೂ ಬಂದಿಲ್ಲ. ಅವರನ್ನ ಇಳಿಸ್ಬೇಕಿತ್ತು. ರೈಟ್."

ಅತ್ತೆ ಚಿಲಕ ತೆಗೆಯಲೇ ಇಲ್ಲ. ಹೊರಗಿನವರು ಕಾದು ಕಾದು ಹೊರಟರು. "ಮಾಡಿದ್ದನ್ನ ನೆನೆಯೋರಿಗೆ ಮಿಷನ್ ಕೊಡೋಣ ಬಿಡಿ," ಎಂದು ಅಧ್ಯಕ್ಷರು ಹೇಳಿದ್ದು ಬಾಗಿಲಾಚೆಯಿಂದ ಕೇಳಿಸಿತು. ತಿಂಗಳ ಕೊನೆಗೆ ಬಂದು ಯಂತ್ರ ಒಯ್ಯುತ್ತಾರಂತೆ.

ಅಷ್ಟರೊಳಗೆ ನೀವೊಮ್ಮೆ ಹೋಗಿ ಬನ್ನಿ. ಮಂಚದ ಮೇಲೆ ಕೂರಬೇಡಿ, ಪರದೆಗೆ ಅಡ್ಡ ಹೋಗಬೇಡಿ, ಅವರ ಅರ್ಧ ಪದಕ್ಕೆ ನೀವೇ ಬಾಲ ಅಂಟಿಸಬೇಡಿ. ಬಾಗಿಲಲ್ಲೇ ಸ್ವಲ್ಪ ಹೊತ್ತು ಜೋತುಬಿದ್ದು ನಿಲ್ಲಿ. ಬೈಯುತ್ತಾರೆ.